ನಾಲ್ಕೂರಿನ ಒಂದೆಲಗ

ಸರ್ಕಾರಿ ನೌಕರರ ಸಂಸಾರದಲ್ಲಿ ವರ್ಗಾವಣೆಯ ಆಜ್ಞೆ ಬಂದ ದಿನವೇ ಮನೆಯ ಸಾಮಾನೆಲ್ಲ ಎರಡು ಪಂಗಡವಾಗಿ ಒಡೆದುಹೋಗುತ್ತದೆ: ಲಾರಿಯಲ್ಲಿ ಹೋಗತಕ್ಕದ್ದು ಒಂದು, ಮಡಿಲಲ್ಲಿ ಹೋಗತಕ್ಕದ್ದು ಇನ್ನೊಂದು. ಕಪಾಟು, ಮಂಚ, ಅಕ್ಕಿಯ ಡಬ್ಬಗಳು ಮೊದಲನೆಯ ಪಂಗಡಕ್ಕೆ ಸೇರಿದರೆ ದೇವರ ಪೆಟ್ಟಿಗೆ, ಉಪ್ಪಿನಕಾಯಿಯ ಜಾಡಿ, ಕೈಗೂಸು ಎರಡನೆಯದಕ್ಕೆ. ಈ ಎರಡನೆಯ ಪಂಗಡಕ್ಕೆ ಒಂದು ಮಣ್ಣಿನ ಕುಂಡವೂ ಬಂದು ಸೇರಿಕೊಂಡರೆ ಮನೆಯ ಯಜಮಾನರಿಗೆ ಹರ್ಷವಾಗುವುದಿಲ್ಲ. ಅದರಲ್ಲಿ ಗುಲಾಬಿಯೋ ಸೇವಂತಿಗೆಯೋ ಇದ್ದರೆ ನೋಡುವವರೆದುರು ಒಂದು ಮರ್ಯಾದೆಯಾದರೂ ಇದ್ದೀತು. ಬಚ್ಚಲ ನೀರು ಹರಿಯುವ ಕಡೆ ಯಾರೂ ನೆಡದೆ ತಾನಾಗಿ ಹಬ್ಬುವ ಒಂದೆಲಗವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುವ ಹೆಂಡತಿಯ ಪಕ್ಕದಲ್ಲಿ ಕುಳಿತ ಗಂಡನ ಕಷ್ಟ ಆ ಗಂಡನಿಗೇ ಗೊತ್ತು.

ಅಂಥ ಒಬ್ಬ ಗಂಡನೂ, ಅಂಥ ಒಬ್ಬ ಹೆಂಡತಿಯೂ, ಅಂಥದೊಂದು ಕುಂಡವೂ ದಾವಣಗೆರೆ ಜಿಲ್ಲೆಯಲ್ಲಿ ಹತ್ತು ಹನ್ನೆರಡು ವರ್ಷ ಊರಿಂದೂರಿಗೆ ಅಲೆದ ವೃತ್ತಾಂತವಿದು. ಆಕೆಯ ತವರು ನ್ಯಾಮತಿ. ಗಂಡನ ನೌಕರಿ ಮೊದಲು ಹೊನ್ನಾಳಿಯಲ್ಲಿ, ಅನಂತರ ಚನ್ನಗಿರಿಯಲ್ಲಿ, 2023ರ ಜೂನಿನಿಂದ ಜಗಳೂರಿನಲ್ಲಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವ ಮುನ್ನ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿ 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಸರ್ಕಾರದ ಗೆರೆಗಳು ಹೀಗೆ ಕೂಡುತ್ತ ಕಳೆಯುತ್ತ ಇರುತ್ತವೆ. ಗಾಳಿಗೆ ಆ ಗೆರೆಗಳು ತಿಳಿಯವು. ಪಶ್ಚಿಮಕ್ಕೆ ನ್ಯಾಮತಿಯಲ್ಲಿ ಮಲೆನಾಡಿನ ಸೆರಗು ಹಾಸಿದೆ. ಪೂರ್ವಕ್ಕೆ ಜಗಳೂರೆಂದರೆ ಕುರುಚಲು ಕಾಡು, ಕೊಂಡುಕುರಿಗಳ ರಂಗಯ್ಯನದುರ್ಗ, ಮೇಲಿಂದ ಮೇಲೆ ಬರುವ ಬರ. ಒಂದೇ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯ ಗಾಳಿಯಿದೆಯೆಂಬುದನ್ನು ಮನುಷ್ಯರು ಅಷ್ಟಾಗಿ ಗಮನಿಸರು. ಒಂದೆಲಗ ಗಮನಿಸುತ್ತದೆ.

ಒಂದೆಲಗವನ್ನು ಅರಿಯದ ಕನ್ನಡದ ಮನೆ ಕಡಿಮೆ. ಒಂದು ತೊಟ್ಟಿಗೆ ಒಂದೇ ಎಲೆ. ಅದರಿಂದಲೇ ಆ ಹೆಸರು. ಮಲೆನಾಡಿನ ಕೆಲವು ಕಡೆ ಅದು ಉರಗೆ, ತುಳುವರಿಗೆ ತಿಮರೆ, ಮಕ್ಕಳ ಪರೀಕ್ಷೆ ಸಮೀಪಿಸಿದಾಗ ಎಲ್ಲರಿಗೂ ಸರಸ್ವತಿ ಸೊಪ್ಪು. ಸಂಸ್ಕೃತದವರು ಮಂಡೂಕಪರ್ಣಿಯೆಂದು ಕರೆದರು. ಕೆಲವರು ಬ್ರಾಹ್ಮಿಯೆನ್ನುತ್ತಾರೆ, ಆದರೆ ನೀರುಬ್ರಾಹ್ಮಿಯೆಂಬುದು ಚಿಕ್ಕ ದಪ್ಪ ಎಲೆಗಳ ಬೇರೆಯೇ ಗಿಡ, ಎರಡನ್ನೂ ಒಂದೆಂದು ತಿಳಿಯಬಾರದು. ಸ್ವೀಡನ್ನಿನ ಲಿನೀಯಸ್ 1753ರಲ್ಲಿ ಇದಕ್ಕೆ ಕೊಟ್ಟ ಕುಲನಾಮದ ಗ್ರೀಕ್ ಅರ್ಥ ‘ನೀರಿನ ಬಟ್ಟಲು’. 1879ರಲ್ಲಿ ಅರ್ಬನ್ ಎಂಬ ವಿದ್ವಾಂಸ ಇದನ್ನು ಸೆಂಟೆಲ್ಲಾ ಎಂಬ ಕುಲಕ್ಕೆ ಸೇರಿಸಿದ. ಹೆಸರು ಬದಲಾದರೂ ಗಿಡ ತನ್ನ ನೀರಿನ ನಂಟನ್ನು ಬಿಡಲಿಲ್ಲ. ಅದರ ನಡಿಗೆಯೇ ಅಂಥದು: ಮೇಲಕ್ಕೆ ಏರುವ ಹಂಬಲವಿಲ್ಲ, ನೆಲಕ್ಕೆ ಅಂಟಿಕೊಂಡು ದಾರದಂಥ ಬಳ್ಳಿಯನ್ನು ಮುಂದಕ್ಕೆ ಚಾಚುತ್ತದೆ, ಬಳ್ಳಿಯ ಗೆಣ್ಣು ಒದ್ದೆ ಮಣ್ಣನ್ನು ಮುಟ್ಟಿದಲ್ಲಿ ಬೇರೂರಿ ಎಲೆಯೆತ್ತುತ್ತದೆ, ಅಲ್ಲಿಂದ ಮತ್ತೊಂದು ಬಳ್ಳಿ. ನ್ಯಾಮತಿಯ ಆ ಮನೆಯ ಹಿತ್ತಲಲ್ಲಿ ಬಚ್ಚಲಿನಿಂದ ಬಾಳೆಯ ಬುಡದವರೆಗೆ ಅದು ಹೀಗೆಯೇ ಹಾಸಿಕೊಂಡಿತ್ತು. ಮನೆಯ ತಾಯಿ ಬೆಳಗಾಗೆದ್ದು ಒಂದು ಹಿಡಿ ಕಿತ್ತು, ಮೂರು ನೀರಲ್ಲಿ ತೊಳೆದು, ತುಪ್ಪದಲ್ಲಿ ಜೀರಿಗೆ ಮೆಣಸಿನೊಡನೆ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿದರೆ ಅದೇ ಮಧ್ಯಾಹ್ನದ ತಂಬುಳಿ. ಚರಂಡಿಯ ಅಂಚಿನದನ್ನು ಆಕೆ ಎಂದೂ ಮುಟ್ಟಿದವಳಲ್ಲ. ಈ ಸೊಪ್ಪು ನಿಂತಲ್ಲಿಯ ಕೊಳೆಯನ್ನೂ ಹೀರುವಂಥದೆಂಬುದನ್ನು ಆಕೆ ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಮಗಳು ಹೊನ್ನಾಳಿಯಲ್ಲಿ ಸಂಸಾರ ಹೂಡಿದಾಗ ಮನೆ ಸಿಕ್ಕಿದ್ದು ಮಹಡಿಯ ಮೇಲೆ. ಹಿತ್ತಲಿಲ್ಲ, ಅಂಗಳವಿಲ್ಲ. ತವರಿನಿಂದ ತಂದ ನಾಲ್ಕು ಗೆಣ್ಣಿನ ಬಳ್ಳಿಯನ್ನು ಒಂದು ಕುಂಡದಲ್ಲಿ ನೆಟ್ಟು ಅಡುಗೆಮನೆಯ ಮೂಡಲ ಕಿಟಕಿಯ ಕೆಳಗಿಟ್ಟಳು. ಅಲ್ಲಿ ಅದನ್ನು ಸಾಕಲು ವಿದ್ಯೆಯೇನೂ ಬೇಕಾಗಲಿಲ್ಲ. ಊರ ಪಕ್ಕದಲ್ಲಿಯೇ ತುಂಗಭದ್ರೆ, ಸುತ್ತ ನಾಲೆಯ ನೀರು ನಿಂತ ಗದ್ದೆಗಳು, ಮನೆಯೊಳಗೆ ಬೆಳಗಿನ ಇಡ್ಲಿಯ ಹಬೆ. ಗಿಡ ತಾನಾಗಿ ತುಂಬಿಕೊಂಡಿತು. ಸುಲಭವಾಗಿ ಬಂದದ್ದರ ಕಾರಣವನ್ನು ಯಾರೂ ವಿಚಾರಿಸುವುದಿಲ್ಲ, ಆಕೆಯೂ ವಿಚಾರಿಸಲಿಲ್ಲ. ‘ನನ್ನ ಕೈಗುಣ’ ಎಂದು ನೆರೆಯವರೊಡನೆ ಹೇಳಿಕೊಂಡಳು.

ಕೈಗುಣದ ಪರೀಕ್ಷೆ ಚನ್ನಗಿರಿಯಲ್ಲಿ ನಡೆಯಿತು. ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತಿದೆಯೆನ್ನುವ ಆ ಊರಿನ ಸುತ್ತ ಅಡಿಕೆಯ ತೋಟಗಳು. ತೋಟದ ನೆರಳಲ್ಲಿ ಬೇಕಾದಷ್ಟು ತಂಪು. ಆದರೆ ಪೇಟೆಯ ನಡುವಿನ ಬಾಡಿಗೆಮನೆಗೆ ತೋಟದ ತಂಪು ಬರುವುದಿಲ್ಲ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಚೊಗರಿನ ವಾಸನೆ ಮಾತ್ರ ಬರುತ್ತದೆ. ಮೊದಲನೆಯ ಚಳಿಗಾಲದಲ್ಲಿಯೇ ಎಲೆಯ ಅಂಚು ಕಂದಿತು. ಅದೇ ವೇಳೆಗೆ ಕಾಲೇಜಿನಲ್ಲಿ ಓದುತ್ತಿದ್ದ ಮೈದುನ ರಜೆಗೆ ಬಂದವನು, “ಅತ್ತಿಗೆ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಡಿ, ವರ್ಷಗಟ್ಟಲೆ ನೀರೇ ಬೇಡ” ಎಂದು ಭರವಸೆ ಕೊಟ್ಟ.

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೆ ಇನ್ನೂರು ವರ್ಷಗಳಷ್ಟು ಹಿಂದಿನ ಆಧಾರವಿದೆ. ಲಂಡನ್ ನಗರದಲ್ಲಿ ನಥಾನಿಯೆಲ್ ವಾರ್ಡ್ ಎಂಬೊಬ್ಬ ವೈದ್ಯನಿದ್ದ. ಹೊಗೆಯಿಂದ ತುಂಬಿದ ಆ ಊರಿನಲ್ಲಿ ಆತ ಜರೀಗಿಡ ಬೆಳೆಸಹೋಗಿ ಸೋತಿದ್ದ. 1829ರಲ್ಲಿ ಒಂದು ಪತಂಗದ ಕೋಶವನ್ನು ಒದ್ದೆ ಗೊಬ್ಬರಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದಾಗ, ಪತಂಗಕ್ಕಿಂತ ಮುಂಚೆ ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಲೆಯೆತ್ತಿದುವು. ಹಗಲು ಮಣ್ಣಿನಿಂದೆದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆತ ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲಿ 1833ರಲ್ಲಿ ಇಂಗ್ಲೆಂಡಿನ ಗಿಡಗಳು ಆಸ್ಟ್ರೇಲಿಯದ ಸಿಡ್ನಿಯವರೆಗೆ ಜೀವಂತ ಹೋದುವು. ಮುಂದೆ ರಾಬರ್ಟ್ ಫಾರ್ಚೂನ್ ಎಂಬಾತ ಚೀನದಿಂದ ಚಹಾಗಿಡಗಳನ್ನು ಸಾಗಿಸಿ ನಮ್ಮ ಹಿಮಾಲಯದ ತಪ್ಪಲಿಗೆ ತಂದದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ. ದಿನಕ್ಕೆರಡು ಬಾರಿ ಚಹಾ ಕುಡಿಯುವ ಮನೆಗಳು ಆ ಪತಂಗದ ಕೋಶಕ್ಕೆ ಒಂದಿಷ್ಟು ಋಣಿಗಳೆನ್ನಬೇಕು.

ಚನ್ನಗಿರಿಯ ಗೃಹಿಣಿಗೆ ಪಕ್ಕದ ಮನೆಯವರು ಮೀನು ಸಾಕಿ ಬೇಸತ್ತು ಬಿಟ್ಟಿದ್ದ ಗಾಜಿನ ತೊಟ್ಟಿ ದೊರೆಯಿತು. ಅದರಲ್ಲಿ ಕುಂಡವನ್ನಿಟ್ಟು ಮೇಲೊಂದು ಗಾಜು ಮುಚ್ಚಿದಳು. ಮರುದಿನ ಬೆಳಿಗ್ಗೆ ಒಳಗೋಡೆಯ ಮೇಲೆ ಸಾಲು ಸಾಲು ಮುತ್ತಿನ ಹನಿ. ಮಕ್ಕಳು ಶಾಲೆಗೆ ಹೋಗುವ ಮುನ್ನ ಅದನ್ನು ನೋಡಲು ಕೂರುತ್ತಿದ್ದರು. ಎಲೆಗಳು ಬಟ್ಟಲಿನಂತೆ ಅಗಲವಾದುವು. ಎರಡು ತಿಂಗಳು ಎಲ್ಲವೂ ಚೆಂದ. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ತೊಟ್ಟಿಯ ಮೇಲೆ ನೇರವಾಗಿ ಬಿತ್ತು. ಮನೆಯವರೆಲ್ಲ ಬೆಟ್ಟದ ರಂಗನಾಥಸ್ವಾಮಿಯ ದರ್ಶನಕ್ಕೆ ಹೋಗಿದ್ದರು. ಮುಚ್ಚಿದ ಗಾಜಿನೊಳಗೆ ಬಿಸಿಲು ಹೊಕ್ಕರೆ ಅದು ತೊಟ್ಟಿಯಲ್ಲ, ಇಡ್ಲಿಪಾತ್ರೆ. ಹಿಂದಿರುಗಿದಾಗ ಸೊಪ್ಪು ಬೆಂದು ಕೆಳಗೆ ಮಲಗಿತ್ತು.

ಆಕೆ ನ್ಯಾಮತಿಗೆ ಹೋಗಿ ಮತ್ತೆ ನಾಲ್ಕು ಗೆಣ್ಣು ತಂದಳು. ಈ ಸಲ ತೊಟ್ಟಿಯನ್ನು ಬಿಸಿಲು ಬೀಳದ ಮೂಲೆಗೆ ಸರಿಸಿದಳು. ಆಗ ಬಂದದ್ದು ಮಳೆಗಾಲ. ಹೊರಗೂ ತೇವ, ಒಳಗೂ ತೇವ, ಗಾಳಿಯ ಸಂಚಾರವಿಲ್ಲ. ಎಲೆಯ ಮೇಲೆ ಕಂದು ಚುಕ್ಕೆ, ಮಣ್ಣಿನ ಮೇಲೆ ಬಿಳಿಯ ಬೂಷ್ಟು, ಅದರ ಸುತ್ತ ಗುಂಗಾಡಿನಷ್ಟು ಚಿಕ್ಕ ನೊಣ. ಒಂದು ವಾರದಲ್ಲಿ ಬುಡ ಕೊಳೆಯಿತು. ತೇವವಿಲ್ಲದೆ ಸತ್ತ ಗಿಡವನ್ನು ನೋಡಿ ಎಲ್ಲರೂ ಅಯ್ಯೋ ಎನ್ನುತ್ತಾರೆ. ತೇವ ಹೆಚ್ಚಾಗಿ ಸತ್ತದ್ದನ್ನು ನೋಡಿದರೆ ‘ಚೆನ್ನಾಗಿಯೇ ನೀರು ಹಾಕಿದ್ದೆವಲ್ಲ’ ಎಂದು ಅಚ್ಚರಿಪಡುತ್ತಾರೆ. ಮನೆಯೊಳಗಿನ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ಹೀಗೆ ಪ್ರೀತಿಯ ಕೈಯಲ್ಲಿಯೇ. ಆಮೇಲೆ ಆಕೆ ಮೇಲಿನ ಗಾಜನ್ನು ದಿನವೂ ಎರಡು ಗಂಟೆ ಸರಿಸಿಡುವುದನ್ನೂ, ಬೆರಳು ಮಣ್ಣಿಗೆ ಚುಚ್ಚಿ ನೋಡಿಯೇ ನೀರು ಹಾಕುವುದನ್ನೂ ಕಲಿತಳು. ಮೂರನೆಯ ಸಲ ತಂದದ್ದು ಉಳಿಯಿತು.

ಮೂರು ಸಲ ತರುವುದು ಸಾಧ್ಯವಾದದ್ದು ನ್ಯಾಮತಿಯಲ್ಲಿ ಬಚ್ಚಲಿದ್ದುದರಿಂದ. ಅಷ್ಟರಲ್ಲಿ ಅಣ್ಣ ಹಳೆಯ ಹೆಂಚಿನ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದ. ತಪ್ಪೇನೂ ಅಲ್ಲ, ಮಳೆಗಾಲದಲ್ಲಿ ಸೋರುವ ಮನೆಯನ್ನು ಎಷ್ಟು ಕಾಲ ಇಟ್ಟುಕೊಳ್ಳುವುದು? ಬಚ್ಚಲು ಮನೆಯೊಳಕ್ಕೆ ಬಂತು, ನೀರು ಕೊಳವೆಗೆ ಸೇರಿತು, ಹಿತ್ತಲಿಗೆ ಕಾರು ನಿಲ್ಲಲು ಸಿಮೆಂಟು ಬಿತ್ತು. ಬಾಳೆಯೂ ಹೋಯಿತು, ಅದರ ಬುಡದ ಹಸಿರು ಹಾಸೂ ಹೋಯಿತು. ಗೃಹಪ್ರವೇಶದ ಊಟ ಮುಗಿಸಿ ಹಿತ್ತಲ ಬಾಗಿಲಿಗೆ ಬಂದು ನಿಂತ ಮಗಳಿಗೆ ಅದು ಹೊಳೆಯಿತು: ಆ ಮನೆಯ ಒಂದೆಲಗವೆಂಬುದು ಇನ್ನು ತನ್ನ ಕುಂಡದಲ್ಲಿರುವಷ್ಟೇ. ಒಂದೆಲಗ ಎಲ್ಲಿಯೂ ಸಿಗುತ್ತದೆ, ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುತ್ತಾರೆ ಎಂದು ಗಂಡ ಸಮಾಧಾನ ಹೇಳಿದ. ಸಿಗುತ್ತದೆ, ನಿಜ. ಅಮ್ಮಂದಿರೂ ಊರಿಗೆಲ್ಲ ಇದ್ದಾರೆ.

ಜಗಳೂರಿಗೆ ಬಂದ ವರ್ಷ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಒಳ್ಳೆಯ ವರ್ಷಗಳಲ್ಲಿಯೇ ಬರದ ಅಂಚಿನಲ್ಲಿ ನಿಲ್ಲುವ ಜಗಳೂರಿನ ಪಾಡನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೊನ್ನಾಳಿಯ ಪಕ್ಕದಲ್ಲಿ ಹರಿದು ಬರುವ ಅದೇ ತುಂಗಭದ್ರೆಯ ನೀರನ್ನು ಎತ್ತಿ ಈ ತಾಲ್ಲೂಕಿನ ಐವತ್ತೇಳು ಕೆರೆಗಳಿಗೆ ತುಂಬಿಸುವ ಯೋಜನೆ ರೂಪುಗೊಂಡದ್ದು ಸುಮ್ಮನೆ ಅಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ತರಬೇಕು. ಅಂಥ ಊರಿನಲ್ಲಿ, 2024ರ ಫೆಬ್ರವರಿ ಕಳೆಯುವ ಹೊತ್ತಿಗೆ, ಒಂದೆಲಗದ ಎಲೆಗಳು ಹಪ್ಪಳದಂತೆ ಮುದುರತೊಡಗಿದುವು. ಗಾಜಿನ ತೊಟ್ಟಿ ಲಾರಿಯಲ್ಲಿ ಬರುವಾಗಲೇ ಒಡೆದಿತ್ತು. ಆಕೆ ಬಟ್ಟೆಗೆ ಇಸ್ತ್ರಿ ಮಾಡುವಾಗ ಬಳಸುವ ಪಿಚಕಾರಿ ಬಾಟಲಿಯಿಂದ ದಿನಕ್ಕೆ ಆರು ಬಾರಿ ಎಲೆಗಳ ಮೇಲೆ ನೀರು ಚಿಮುಕಿಸಿದಳು. ಚಿಮುಕಿಸಿದ ನೀರು ಐದು ನಿಮಿಷದಲ್ಲಿ ಆರಿ ಎಲೆಯ ಮೇಲೆ ಸುಣ್ಣದಂಥ ಬಿಳಿ ಚುಕ್ಕೆಗಳು ಉಳಿದುವು. ಅದು ಗಡಸು ನೀರಿನಲ್ಲಿದ್ದ ಲವಣ. ಗಿಡಕ್ಕೆ ತಂಪೂ ಸಿಕ್ಕಲಿಲ್ಲ, ಮೇಲಿಂದ ಉಪ್ಪೂ ಬಿತ್ತು.

ಪಕ್ಕದ ಮನೆಯಲ್ಲಿ ನಿವೃತ್ತರಾದ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಒಂದು ಸಂಜೆ ಬಾಗಿಲಲ್ಲಿ ನಿಂತು ಈ ಪ್ರೋಕ್ಷಣೆಯನ್ನು ನೋಡಿ ಹೇಳಿದರು:

“ತಾಯೀ, ನೀವು ಗಿಡಕ್ಕೆ ನೀರು ಹಾಕ್ತಾ ಇಲ್ಲ. ಜಗಳೂರಿನ ಗಾಳಿಗೆ ನೀರು ಹಾಕ್ತಾ ಇದ್ದೀರಿ. ಅದರ ಹೊಟ್ಟೆ ತುಂಬೋದುಂಟೇ?”

ಮರುದಿನ ಅವರು ಎರಡು ಉಷ್ಣಮಾಪಕಗಳನ್ನು ತಂದು ಗೋಡೆಗೆ ತೂಗುಹಾಕಿದರು. ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಚೂರು ಸುತ್ತಿ, ಅದರ ತುದಿಯನ್ನು ನೀರಿನ ಬಟ್ಟಲಲ್ಲಿ ಅದ್ದಿ, ಬೀಸಣಿಗೆಯಿಂದ ಸ್ವಲ್ಪ ಹೊತ್ತು ಗಾಳಿ ಹಾಕಿದರು. ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುವುದರಿಂದ ಆ ಮಾಪಕ ಕೆಳಗೆ ಇಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಹೆಚ್ಚು ಇಳಿಯುತ್ತದೆ. ಒಣ ಮಾಪಕ 30 ಡಿಗ್ರಿ, ಒದ್ದೆಯದು 25 ಇದ್ದರೆ ಗಾಳಿ ತಾನು ಹೊರಬಲ್ಲ ತೇವದಲ್ಲಿ ಮೂರರಲ್ಲಿ ಎರಡು ಪಾಲನ್ನು ಹೊತ್ತಿದೆಯೆಂದು ಅರ್ಥ. 30ಕ್ಕೆ 20 ಇದ್ದರೆ ನೂರಕ್ಕೆ ನಲವತ್ತು ಪಾಲು. ಆ ಮಧ್ಯಾಹ್ನ ಜಗಳೂರಿನ ನಡುಮನೆಯಲ್ಲಿ ಒಣದು 35, ಒದ್ದೆಯದು 20. “ನೂರಕ್ಕೆ ಇಪ್ಪತ್ತೈದು” ಎಂದರು ಮೇಷ್ಟ್ರು, ಫೇಲಾದ ಹುಡುಗನ ಅಂಕ ಓದುವ ದನಿಯಲ್ಲಿ.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದರು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಹತ್ತಡಿ ಎತ್ತರ. ಸುಮಾರು 34 ಘನ ಮೀಟರು ಗಾಳಿ. 35 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿ ಹೊರಬಲ್ಲ ಆವಿ ಹತ್ತಿರ ಹತ್ತಿರ 40 ಗ್ರಾಂ. ಕೋಣೆಯ ತೇವವನ್ನು ಇಪ್ಪತ್ತೈದರಿಂದ ಅರವತ್ತಕ್ಕೆ ಏರಿಸಬೇಕಾದರೆ ಅರ್ಧ ಲೀಟರಿನಷ್ಟು ನೀರು ಆವಿಯಾಗಬೇಕು. ಇಷ್ಟೇ ತಾನೆ ಎನ್ನುವಂತಿಲ್ಲ. ಕಿಟಕಿ ಬಾಗಿಲು ತೆರೆದ ಮನೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಗಂಟೆಗೆ ಮೂರು ಸಲ ಬದಲಾಯಿತೆಂದು ಹಿಡಿದರೂ ಹಗಲಿನ ಹತ್ತು ಗಂಟೆಗೆ ಹದಿನಾಲ್ಕು ಲೀಟರು. ಎಂದರೆ ಒಂದು ದೊಡ್ಡ ಬಿಂದಿಗೆ. ಬೀದಿಗೆ ಟ್ಯಾಂಕರು ಬಂದಾಗ ಹೆಂಗಸರು ಸರದಿಯಲ್ಲಿ ನಿಂತು ತುಂಬಿಸುವ ಬಿಂದಿಗೆ! ಅದನ್ನು ದಿನಾ ಒಂದು ಕುಂಡದ ಸೊಪ್ಪಿಗಾಗಿ ಗಾಳಿಗೆ ಸುರಿಯುವುದು ಪಾಪವೆಂದು ಆಕೆಗೇ ತೋರಿತು. ಪಿಚಕಾರಿ ಬಾಟಲಿ ಇಸ್ತ್ರಿಯ ಮೇಜಿಗೆ ಮರಳಿತು.

ಇನ್ನುಳಿದದ್ದು ಫ್ಯಾನಿನ ಪ್ರಶ್ನೆ. ಎಲೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಆವಿ ಸದಾ ಹೊರಡುತ್ತಿರುತ್ತದೆ; ಗಾಳಿ ನಿಶ್ಚಲವಾಗಿದ್ದರೆ ಆ ಆವಿಯೇ ಎಲೆಯ ಸುತ್ತ ಒಂದು ತೆಳ್ಳನೆಯ ಹೊದಿಕೆಯಾಗಿ ನಿಲ್ಲುತ್ತದೆ. ಫ್ಯಾನು ಆ ಹೊದಿಕೆಯನ್ನು ಎಳೆದೆಸೆಯುತ್ತದೆ. ಆದುದರಿಂದ ಕುಂಡವಿರುವ ಕೋಣೆಯಲ್ಲಿ ಫ್ಯಾನು ಹಾಕಬಾರದೆಂದು ಆಕೆ ನಿಯಮ ಮಾಡಿದಳು. ಕಚೇರಿಯಿಂದ ಬೆವರಿ ಬಂದ ಯಜಮಾನರು ಅದಕ್ಕೆ ಒಪ್ಪಲಿಲ್ಲ. “ಈ ಮನೆಯಲ್ಲಿ ಬಾಡಬಾರದ್ದು ನಾನೋ, ಅದೋ?” ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಕೊನೆಗೆ ಕುಂಡವೇ ಸ್ಥಳ ಬದಲಿಸಿತು. ಬಚ್ಚಲುಮನೆಗೆ ಹೋಗುವ ಕಿರಿದಾದ ಓಣಿಯಲ್ಲಿ, ಮೇಲಿನ ಗವಾಕ್ಷಿಯಿಂದ ಬೆಳಕು ಬೀಳುವ ಕಡೆ, ಗಾಳಿ ಬೀಸದ ಒಂದು ಮೂಲೆ ಸಿಕ್ಕಿತು. ಆದರೂ ಬಳ್ಳಿಗಳ ತುದಿ ಒಣಗುವುದು ನಿಲ್ಲಲಿಲ್ಲ. ಕುಂಡದ ನಡುವಿನ ನಾಲ್ಕೆಂಟು ಎಲೆ ಮಾತ್ರ ಹಸಿರು. ಅಂಚನ್ನು ದಾಟಿ ಕೆಳಗೆ ಇಳಿಬಿದ್ದವೆಲ್ಲ ಕಂದು ದಾರ.

ಮಾರ್ಚಿಯಲ್ಲಿ ಅಣ್ಣ ತಾಯಿಯನ್ನು ಕರೆತಂದು ಬಿಟ್ಟುಹೋದ. ಅತ್ತಿಗೆಗೆ ಶಸ್ತ್ರಚಿಕಿತ್ಸೆಯಾಗಿತ್ತು, ಎರಡು ತಿಂಗಳ ಮಾತು. ತಾಯಿಗೆ ಮರೆವು ಹತ್ತಿ ಆಗಲೇ ಎರಡು ವರ್ಷ ಕಳೆದಿತ್ತು. ಮೊದಮೊದಲು ಬೀಗದ ಕೈ, ಕನ್ನಡಕ, ಆಮೇಲೆ ಊಟ ಮಾಡಿದ್ದು, ಈಗ ಜನ. ಮಗಳನ್ನು ತನ್ನ ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಮೊಮ್ಮಗನನ್ನು ನೋಡಿ, “ಯಾರ ಪೈಕಿನೋ ಮಗ ನೀನು?” ಎಂದು ದಿನವೂ ವಿಚಾರಿಸುವಳು. ಹುಡುಗ ದಿನವೂ ಹೇಳುವನು. ದೀಪ ಹಚ್ಚುವ ಹೊತ್ತಾಯಿತೆಂದರೆ ಕೈಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ಲುವಳು: “ಕತ್ಲಾತು, ಮನೀಗೆ ಹೋಗಾನ ನಡಿ.”

ಒಂದೆಲಗ ಜ್ಞಾಪಕಕ್ಕೆ ಒಳ್ಳೆಯದೆಂದು ಹಿಂದಿನಿಂದ ನಂಬಿಕೆಯಿದೆ. ಆಯುರ್ವೇದ ಅದನ್ನು ಮೇಧ್ಯವೆಂದು ಎಣಿಸಿದೆ. ಅದರ ಸುತ್ತ ಆಧುನಿಕ ಪರೀಕ್ಷೆಗಳೂ ನಡೆದಿವೆ. ಆದರೆ ವೃದ್ಧಾಪ್ಯದ ಮರೆವನ್ನು ಅದು ಹಿಂದಕ್ಕೆ ತಿರುಗಿಸೀತೆಂದು ನಂಬಿ ವೈದ್ಯರನ್ನು ಬಿಟ್ಟವರು ಮೋಸಹೋಗುವುದು ಖಂಡಿತ. ದಾವಣಗೆರೆಯ ವೈದ್ಯರು ಆಕೆಗೆ ಅದನ್ನೇ ಮೆಲ್ಲನೆ ತಿಳಿಸಿದ್ದರು. ಊರಿನ ಮಕ್ಕಳಿಗೆಲ್ಲ ಸರಸ್ವತಿ ಸೊಪ್ಪು ತಿನ್ನಿಸಿದ ಕೈ ಅದು. ತನ್ನ ಮಗಳ ಹೆಸರು ಮಾತ್ರ ಆ ಬಾಯಿಗೆ ಬರುತ್ತಿರಲಿಲ್ಲ.

ಬಂದ ಹತ್ತನೆಯ ದಿನವೋ ಏನೋ. ತಾಯಿಗೆ ತಲೆಗೆ ಎರೆದು, ಜಡೆ ಹೆಣೆದು ತುರುಬು ಕಟ್ಟಿ, ಪಿನ್ನುಗಳನ್ನು ಸಿಕ್ಕಿಸಿ, ಓಣಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿ ಮಗಳು ಒಳಗೆ ಹೋಗಿದ್ದಳು. ಹಿಂದಿರುಗಿದಾಗ ತಾಯಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕುಂಡವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಇದರ ಗೆಣ್ಣೆಲ್ಲಾ ಗಾಳ್ಯಾಗೆ ನೇತಾಡ್ತಾವಲ್ಲೇ. ಮಣ್ಣು ಮುಟ್ಟಿಸ್ಬಾರ್ದಾ? ಕಾಲಿಲ್ದಂಗೆ ಎಷ್ಟ್ ದಿನ ನಿಂತೀತು ಪಾಪ.”

ಹೀಗೆಂದವಳೇ ಹೊರಗೆ ಇಳಿಬಿದ್ದಿದ್ದ ಒಂದು ಬಳ್ಳಿಯನ್ನು ಒಳಕ್ಕೆ ಮಡಿಸಿ, ತುರುಬಿನಿಂದ ಒಂದು ಪಿನ್ನು ಕಿತ್ತು, ಗೆಣ್ಣಿನ ಎರಡು ಪಕ್ಕಕ್ಕೂ ಕಾಲು ಬರುವಂತೆ ಮಣ್ಣಿಗೆ ಚುಚ್ಚಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು.

ಮಗಳು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು. ಇಷ್ಟು ವರ್ಷ ಸಾಕಿದರೂ ಕಾಣದಿದ್ದದ್ದು ಆಗ ಕಂಡಿತು. ಹಿತ್ತಲಲ್ಲಿ ಆ ಗಿಡಕ್ಕೆ ಒಂದು ಬಾಯಿಯಲ್ಲ, ನೂರು ಬಾಯಿ; ಒಂದೊಂದು ಗೆಣ್ಣೂ ತನ್ನ ಕೆಳಗಿನ ಮಣ್ಣಿನಿಂದ ತಾನೇ ಕುಡಿಯುತ್ತಿತ್ತು. ಕಿರಿದಾದ ಕುಂಡದಲ್ಲಿ ಹೊರಬಿದ್ದ ಬಳ್ಳಿಗೆ ಸ್ವಂತ ಬೇರಿಲ್ಲ; ಅದರ ಎಲೆಗಳ ಬಾಯಾರಿಕೆಯನ್ನೆಲ್ಲ ದಾರದಷ್ಟು ತೆಳ್ಳಗಿನ ಒಂದು ಕಾಂಡ ದೂರದಿಂದ ತೀರಿಸಬೇಕು. ಹೊನ್ನಾಳಿಯ ಹಸಿ ಗಾಳಿಯಲ್ಲಿ ಅದು ಹೇಗೋ ನಡೆದುಹೋಯಿತು. ನೂರಕ್ಕೆ ಇಪ್ಪತ್ತೈದರ ಗಾಳಿಯಲ್ಲಿ ನಡೆಯದು. ಮೇಲಾಗಿ ನೆಲಕ್ಕೆ ಒತ್ತಿ ಹಬ್ಬುವ ಗಿಡ ಬದುಕುವುದು ಕೋಣೆಯ ಗಾಳಿಯಲ್ಲಿ ಅಲ್ಲ, ಒದ್ದೆ ಮಣ್ಣಿನ ಮೇಲಿನ ಒಂದು ಗೇಣು ಗಾಳಿಯಲ್ಲಿ. ಆ ಒಂದು ಗೇಣನ್ನು ಕಾಪಾಡಿದರೆ ಆಯಿತು. ಅದಕ್ಕೆ ಬಿಂದಿಗೆ ನೀರು ಬೇಡ.

ಮಾರನೆಯ ದಿನವೇ ಕುಂಬಾರರಿಂದ ಎರಡು ಅಡಿ ಅಗಲದ, ಒಂದು ಗೇಣೂ ಆಳವಿಲ್ಲದ ಮಣ್ಣಿನ ಬೋಗುಣಿಯೊಂದು ಬಂತು. ಬುಡದಲ್ಲಿ ನೀರು ಬಸಿಯಲು ತೂತು. ಅದರ ನಡುವೆ ಮೇಷ್ಟ್ರ ಸಲಹೆಯಂತೆ ಒಂದು ಮಣ್ಣಿನ ಕುಡಿಕೆಯನ್ನು ಕಂಠದವರೆಗೆ ಹೂತರು. ಸಸಿಯ ಬುಡದಲ್ಲಿ ಮಡಕೆ ಹೂತು ನೀರುಣಿಸುವ ಪದ್ಧತಿ ಬಹಳ ಹಳೆಯದು. ಚೀನದಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದ ಕೃಷಿಗ್ರಂಥವೊಂದರಲ್ಲಿಯೇ ಅದರ ವಿವರಣೆಯಿದೆಯಂತೆ. ಹೊಳಪು ಕೊಡದ ಮಡಕೆಯ ಗೋಡೆಯಿಂದ ನೀರು ಬೆವರಿನಂತೆ ಜಿನುಗುತ್ತದೆ. ಸುತ್ತಲ ಮಣ್ಣು ಒಣಗಿದ್ದರೆ ಹೆಚ್ಚು, ಒದ್ದೆಯಿದ್ದರೆ ಕಡಿಮೆ. ಎಷ್ಟು ಹಾಕಬೇಕೆಂಬ ಯೋಚನೆಯನ್ನು ಮನುಷ್ಯ ಮಾಡಬೇಕಾಗಿಲ್ಲ, ಮಡಕೆಯೇ ಮಾಡುತ್ತದೆ. ಬೋಗುಣಿಯ ಕೆಳಗೆ ಒದ್ದೆ ಮರಳಿನ ತಟ್ಟೆ, ಬಳ್ಳಿಗಳ ನಡುವೆ ಮಣ್ಣು ಕಾಣುವ ಕಡೆ ತೆಂಗಿನ ನಾರಿನ ತೆಳು ಹಾಸು. ಕುಡಿಕೆಗೆ ಬಳಸಿದ್ದು ಅಕ್ಕಿ ತೊಳೆದ ನೀರು. ಅಕ್ಕಿ ತೊಳೆಯುವುದು ಹೇಗೂ ಕ್ಯಾನಿನ ನೀರಿನಲ್ಲಿ, ಆದ್ದರಿಂದ ಉಪ್ಪಿನ ಕಾಟ ಅಷ್ಟಿರಲಿಲ್ಲ. ಮೇಷ್ಟ್ರು ತಮ್ಮ ಎರಡು ಮಾಪಕಗಳನ್ನು ಎಲೆಗಳ ನಡುವೆ ಇಟ್ಟು ನೋಡಿದರು. ಒಣದಕ್ಕೂ ಒದ್ದೆಯದಕ್ಕೂ ನಡುವಿನ ಅಂತರ ಕುಗ್ಗಿತ್ತು. ಒಂದು ಮೊಳ ದೂರ ಸರಿಸಿದರೆ ಮತ್ತೆ ಜಗಳೂರು.

ಗೆಣ್ಣುಗಳನ್ನು ಮಣ್ಣಿಗೆ ಹಿಡಿಸುವ ಕೆಲಸವನ್ನು ತಾಯಿ ಯಾರಿಗೂ ಬಿಟ್ಟುಕೊಡಲಿಲ್ಲ. ಕಡ್ಡಿಪೊರಕೆಯ ಕಡ್ಡಿಗಳನ್ನು ಮುರಿದುಕೊಟ್ಟರೂ ಪಕ್ಕಕ್ಕಿಟ್ಟು ತುರುಬಿಗೇ ಕೈಹಾಕುವಳು. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮರೆತು ಮತ್ತೆ ಬಂದು ಕೂರುವಳು. ಬೇರೂರುತ್ತಿದ್ದ ಒಂದೆರಡನ್ನು ಕಿತ್ತು ಮತ್ತೆ ನೆಟ್ಟದ್ದೂ ಉಂಟು. ಮಗಳು ತಡೆಯಲಿಲ್ಲ. ಏಪ್ರಿಲಿನಲ್ಲಿ ಯುಗಾದಿ ಬಂದಾಗ ಬೋಗುಣಿಯ ಅರ್ಧ ಭಾಗ ಹಸಿರಾಗಿತ್ತು. ಮೇ ತಿಂಗಳ ಮೊದಲ ಮಳೆ ಬೀಳುವ ಹೊತ್ತಿಗೆ ಕುಡಿಕೆಯ ಬಾಯಿ ಎಲೆಗಳಲ್ಲಿ ಮುಚ್ಚಿಹೋಗಿ, ನೀರು ಹಾಕಲು ಹುಡುಕಬೇಕಾಯಿತು.

ಮೊದಲ ಹಿಡಿ ಸೊಪ್ಪಿನ ತಂಬುಳಿಯನ್ನು ತಾಯಿ ಎರಡು ಸಲ ಹಾಕಿಸಿಕೊಂಡಳು. “ಚೆಂದಾಗೈತಿ. ಯಾರ ಮನೇದು ಸೊಪ್ಪು?” ಎಂದಳು.

“ನಿಮ್ಮನೇದೇ ಅವ್ವಾ. ಬಚ್ಚಲ ಹಿಂದಿಂದು.”

“ಹೌದಾ,” ಎಂದು ತಾಯಿ ತಲೆದೂಗಿದಳು. “ಕಿತ್ತೋರು ತೊಳದಾರೋ ಇಲ್ವೋ ಕೇಳು.”

ಆ ಸಂಜೆ ತಲೆ ಬಾಚಲು ಕುಳಿತಾಗ ಮನೆಯಲ್ಲಿ ಒಂದು ಪಿನ್ನೂ ಸಿಗಲಿಲ್ಲ. ಡಬ್ಬದಲ್ಲಿ ನೋಡಿದರು, ದಿಂಬಿನ ಕೆಳಗೆ ನೋಡಿದರು. ಹುಡುಗ ಬೋಗುಣಿಯ ಬಳಿ ಬಗ್ಗಿ, ಎಲೆಗಳನ್ನು ಸರಿಸಿ ಎಣಿಸಿ ಬಂದು ಹನ್ನೊಂದಿವೆಯೆಂದು ವರದಿ ಮಾಡಿದ. ತೆಗೆಯಬೇಡವೆಂದಳು ತಾಯಿ, ಎಂದರೆ ಹುಡುಗನ ತಾಯಿ. ಪೇಟೆಗೆ ಹೊರಟಿದ್ದ ಯಜಮಾನರಿಗೆ ಪಟ್ಟಿಯ ಕೊನೆಯಲ್ಲಿ ಅದನ್ನೂ ಬರೆಸಿದಳು. ಅವರು ತಂದದ್ದು ಒಂದು ಡಜನ್ ಅಲ್ಲ, ಎರಡು. ಒಂದನ್ನು ಅತ್ತೆಯ ಕೈಗೆ ಕೊಟ್ಟು, ಇನ್ನೊಂದನ್ನು ಮಾತಿಲ್ಲದೆ ಓಣಿಯ ಗವಾಕ್ಷಿಯ ಕೆಳಗೆ, ನೀರಿನ ಚೊಂಬಿನ ಪಕ್ಕದಲ್ಲಿ ಇಟ್ಟರು.